ವಯಸ್ಸಿಗೂ ಮೈಗೂ ತಕ್ಕ ಯೋಗಾಭ್ಯಾಸ: ಕೃಷ್ಣಮಾಚಾರ್ಯ ಪರಂಪರೆ

ಕಲಿಯುವವರ ವಯಸ್ಸು, ಬಲ, ಕಾಯಿಲೆ, ದುಡಿಮೆ ಎಲ್ಲವನ್ನೂ ನೋಡಿಕೊಂಡು ಆಸನ–ಪ್ರಾಣಾಯಾಮಗಳನ್ನು ಹೊಂದಿಸಿ ಕಲಿಸುವ ಕ್ರಮ ಆಧುನಿಕ ಯೋಗದಲ್ಲಿ ಬೇರೂರಲು ತಿರುಮಲೈ ಕೃಷ್ಣಮಾಚಾರ್ಯ (1888–1989) ಮತ್ತು ಅವರ ಶಿಷ್ಯರು ಬಹುಮಟ್ಟಿಗೆ ಕಾರಣರು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್, ಇಂದ್ರಾ ದೇವಿ ಮತ್ತು ಮಗ ಟಿ.ಕೆ.ವಿ. ದೇಶಿಕಾಚಾರ್ ನಾಲ್ವರೂ ಅವರಲ್ಲೇ ಕಲಿತವರು. ಆದರೂ ಇವರ ಪದ್ಧತಿಗಳು ಒಂದನ್ನೊಂದು ಹೋಲುವುದಿಲ್ಲ. ಗುರು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ, ತಮ್ಮ ಬದುಕಿನ ಬೇರೆ ಬೇರೆ ಕಾಲದಲ್ಲಿ ಕಲಿಸಿದ್ದು ಇದಕ್ಕೆ ಮುಖ್ಯ ಕಾರಣ.

ಯೋಗಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಮೈ ಹಗುರ, ಕೀಲುಗಳು ಸಡಿಲ, ಒಂದೆಡೆ ಕೂರಲು ಒಲ್ಲದ ವಯಸ್ಸು. ಅವರಿಗೆ ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲಯದಲ್ಲೇ ಜಿಗಿದು ಸಾಗುವ ಬಿರುಸಿನ ಅಭ್ಯಾಸ ಹೇಳಿಕೊಡುತ್ತಿದ್ದರು. 1938ರ ಮೂಕಿ ಚಿತ್ರವೊಂದರಲ್ಲಿ ಕೃಷ್ಣಮಾಚಾರ್ಯರನ್ನೂ ಎಳೆಯ ಅಯ್ಯಂಗಾರರನ್ನೂ ಇಂದಿಗೂ ನೋಡಬಹುದು. ಅದೊಂದನ್ನೇ ನೋಡಿ ಅವರ ಯೋಗವೆಂದರೆ ಇಷ್ಟೇ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. 1950ರ ದಶಕದಲ್ಲಿ ಮದರಾಸಿಗೆ ನೆಲೆ ಬದಲಿಸಿದ ಮೇಲೆ ಅವರ ಮನೆಗೆ ಬರತೊಡಗಿದವರಲ್ಲಿ ರೋಗಿಗಳು, ವಯಸ್ಸಾದವರು, ಸಂಸಾರಸ್ಥರು ಹೆಚ್ಚು. ಅಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ಪಾಠ. ಮೊದಲು ನಾಡಿ ಹಿಡಿದು ನೋಡುವುದು, ಆಮೇಲೆ ಅಭ್ಯಾಸ.

ಈ ಪರಂಪರೆ ಬದುಕನ್ನು ಮೂರು ಹಂತವಾಗಿ ಕಾಣುತ್ತದೆ. ಮಕ್ಕಳಿಗೂ ಹರೆಯದವರಿಗೂ ಸೃಷ್ಟಿಕ್ರಮ: ಮೈ ಬೆಳೆಸುವ, ಚುರುಕಾದ ಆಸನಗಳು. ಮನೆ–ಕೆಲಸದ ಹೊರೆ ಹೊತ್ತ ನಡುವಯಸ್ಸಿಗೆ ಸ್ಥಿತಿಕ್ರಮ: ಇರುವ ಆರೋಗ್ಯ ಕೆಡದಂತೆ ಕಾಯುವ, ದಿನದ ಬಿಡುವಿಗೆ ಹೊಂದುವ ಅಭ್ಯಾಸ. ಇಳಿವಯಸ್ಸಿನಲ್ಲಿ ಲಯಕ್ರಮ: ಆಸನ ಕಡಿಮೆಯಾಗಿ ಪ್ರಾಣಾಯಾಮ, ಧ್ಯಾನ, ಪ್ರಾರ್ಥನೆಗೆ ಹೆಚ್ಚು ಸಮಯ. ಕೃಷ್ಣಮಾಚಾರ್ಯರು ಇದನ್ನು ತಮ್ಮ ಮೇಲೂ ಪ್ರಯೋಗಿಸಿದರು. ತೊಂಬತ್ತು ದಾಟಿದ ಮೇಲೆ ಬಿದ್ದು ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು ಹೇಳಿ, ಹಾಸಿಗೆಯಲ್ಲಿ ಮಲಗಿದಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಾವೇ ರೂಪಿಸಿಕೊಂಡರು.

ಅಯ್ಯಂಗಾರರ ದಾರಿ ಬೇರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ನಡುವೆ ಹುಟ್ಟಿದ ಅವರನ್ನು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದಾದ ಮೇಲೊಂದು ಕಾಡಿದವು. ಸೊರಗಿದ ಮೈಗೆ ಆಸನ ಎಷ್ಟು ಕಷ್ಟವೆಂದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. 1937ರಲ್ಲಿ ಪುಣೆಗೆ ಹೋದ ಮೇಲೆ ಅವರು ಕಂಬಳಿ, ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ ಇವನ್ನೆಲ್ಲ ಪಾಠದ ಸಲಕರಣೆಗಳನ್ನಾಗಿ ಮಾಡಿಕೊಂಡರು. ತ್ರಿಕೋಣಾಸನದಲ್ಲಿ ಕೈ ನೆಲ ಮುಟ್ಟದಿದ್ದರೆ ಬೆನ್ನು ಗೂನಾಗಿಸಿ ಬಗ್ಗಬೇಕಿಲ್ಲ. ಪಾದದ ಬಳಿ ಇಟ್ಟಿಗೆ ನಿಲ್ಲಿಸಿ ಅದರ ಮೇಲೆ ಅಂಗೈ ಊರಿದರೆ ಸಾಕು, ಎದೆ ಅರಳಿ ನಿಲ್ಲುತ್ತದೆ. ಸರ್ವಾಂಗಾಸನದಲ್ಲಿ ಮಡಿಸಿದ ಕಂಬಳಿಗಳ ಮೇಲೆ ಭುಜವಿಟ್ಟು ತಲೆಯನ್ನು ಕೆಳಗೆ ನೆಲಕ್ಕೆ ಬಿಟ್ಟಾಗ ಕತ್ತಿನ ಮೇಲಿನ ಒತ್ತಡ ತಗ್ಗುತ್ತದೆ. ಅಷ್ಟೂ ಆಗದವರು ಕುರ್ಚಿಯ ಮೇಲೆ ಸೊಂಟವಿಟ್ಟು, ಕುರ್ಚಿಯ ಕಾಲುಗಳನ್ನು ಹಿಡಿದು ಅದೇ ಆಸನದಲ್ಲಿ ನಿಮಿಷಗಟ್ಟಲೆ ಇರಬಹುದು. ಆಸನ ಉಳಿಯುತ್ತದೆ, ಭಾರ ಮಾತ್ರ ಸಲಕರಣೆಗೆ ಹೋಗುತ್ತದೆ. ಬೆಲ್ಜಿಯಂನ ರಾಣಿ ಎಲಿಸಬೆತ್ ಎಂಬತ್ತು ದಾಟಿದ ವಯಸ್ಸಿನಲ್ಲಿ ಅಯ್ಯಂಗಾರರಿಂದ ಶೀರ್ಷಾಸನ ಕಲಿತರು.

ದೇಶಿಕಾಚಾರ್ 1976ರಲ್ಲಿ ಚೆನ್ನೈನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದರು. ಅವರು ಸಲಕರಣೆಗಿಂತ ಉಸಿರನ್ನು ನಂಬಿದರು. ಉತ್ತಾನಾಸನದಲ್ಲಿ ಬಗ್ಗುವಾಗ ಮಂಡಿ ಮಡಚಬಹುದು, ಆದರೆ ಉಸಿರು ಕಟ್ಟಬಾರದು; ಉಸಿರು ಒರಟಾದರೆ ಅಭ್ಯಾಸ ಅತಿಯಾಯಿತೆಂದೇ ಲೆಕ್ಕ. ಮೈಸೂರಿನಲ್ಲೇ ಉಳಿದ ಪಟ್ಟಾಭಿ ಜೋಯಿಸರ ಅಷ್ಟಾಂಗ ಕ್ರಮ ಕಠಿಣವೆಂದೇ ಹೆಸರಾದದ್ದು, ಆಸನಗಳ ಅನುಕ್ರಮವೂ ಬದಲಾಗದು. ಅಲ್ಲೂ ‘ಮೈಸೂರು ಶೈಲಿ’ಯ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲೇ ಮಾಡುತ್ತಾರೆ, ಒಂದು ಆಸನ ಕೈವಶವಾದ ಮೇಲಷ್ಟೇ ಗುರು ಮುಂದಿನದನ್ನು ಕೊಡುತ್ತಾರೆ.

ಈ ಎಚ್ಚರಕ್ಕೆ ವೈದ್ಯಶಾಸ್ತ್ರದ ಆಧಾರವೂ ಇದೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಮೂಳೆ ಸವೆತದ ತೊಂದರೆ ಇರುವವರು ಬೆನ್ನು ದುಂಡಗೆ ಮಾಡಿ ಜೋರಾಗಿ ಮುಂದಕ್ಕೆ ಬಾಗಿದರೆ ಬೆನ್ನೆಲುಬಿನ ಮೂಳೆ ಬಿರಿಯುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಸಿಗೊಂದು ಅಳತೆ ಹೇಳುತ್ತದೆ: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ, 65 ದಾಟಿದವರಿಗೆ ಇದರ ಜೊತೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ. ಯೋಗ ದಿನವಾದ ಜೂನ್ 21ರಂದು ಮೈದಾನಗಳಲ್ಲಿ ಸಾವಿರಾರು ಜನ ಕೂಡಿ ಮಾಡುವ ಅಭ್ಯಾಸದ ಹುರುಪು ದೊಡ್ಡದು, ಬೇಕಾದದ್ದೂ ಹೌದು. ಆದರೆ ವೇದಿಕೆಯಿಂದ ಸೂಚನೆ ಕೊಡುವವರಿಗೆ ಯಾರ ಮಂಡಿ ನೋಯುತ್ತಿದೆ, ಯಾರ ರಕ್ತದೊತ್ತಡ ಏರಿದೆ ಎಂದು ಕಾಣುವುದಿಲ್ಲ. ಅದನ್ನು ಕೇಳಿ ತಿಳಿಯುವ ಕೆಲಸ ಊರಿನ ಪುಟ್ಟ ತರಗತಿಯ ಶಿಕ್ಷಕರದು.