ಕಹಿಯ ಅಣುಗಳು ಮತ್ತು ಅವನ್ನು ಗುರುತಿಸುವ ಗ್ರಾಹಕಗಳು

ಹುಳಿಗೆ ಹೈಡ್ರೋಜನ್ ಅಯಾನು, ಉಪ್ಪಿಗೆ ಮುಖ್ಯವಾಗಿ ಸೋಡಿಯಂ ಅಯಾನು ಕಾರಣವೆಂದು ಹೇಳಬಹುದಾದರೂ ಕಹಿಗೆ ಹಾಗೆ ಬೊಟ್ಟುಮಾಡಿ ತೋರಿಸಬಹುದಾದ ಒಂದೇ ರಾಸಾಯನಿಕ ಗುರುತು ಇಲ್ಲ. ಸಿಂಕೋನಾ ತೊಗಟೆಯ ಕ್ವಿನೈನ್, ಕಾಫಿಯ ಕೆಫೀನ್, ವಿಲೋ ಮರದ ತೊಗಟೆಯ ಸ್ಯಾಲಿಸಿನ್, ಕಹಿಸೌತೆಯ ಕುಕುರ್ಬಿಟಾಸಿನ್, ಇವುಗಳ ಜೊತೆಗೆ ಮೆಗ್ನೀಷಿಯಂ ಸಲ್ಫೇಟಿನಂಥ ಸರಳ ಲವಣ ಕೂಡ ಒಂದೇ ರುಚಿಯನ್ನು ಕೊಡುತ್ತವೆಂಬುದು ರಸಾಯನ ವಿಜ್ಞಾನಿಗಳನ್ನು ದೀರ್ಘಕಾಲ ಕಾಡಿದ ಸಂಗತಿ. ಪದಾರ್ಥದ ರಚನೆಯೊಳಗೇ ಕಹಿಯನ್ನು ಹುಡುಕುತ್ತಿದ್ದಷ್ಟು ಕಾಲವೂ ಈ ಒಗಟು ಬಿಡಿಸಿಕೊಳ್ಳಲಿಲ್ಲ. ಆ ಪದಾರ್ಥವನ್ನು ಬರಮಾಡಿಕೊಳ್ಳುವ ಪ್ರೋಟೀನು ಯಾವುದೆಂಬ ಕಡೆಗೆ ಪ್ರಶ್ನೆ ಹೊರಳಿದ ಮೇಲೆಯೇ ಈ ಕ್ಷೇತ್ರ ವೇಗವಾಗಿ ಬೆಳೆಯಿತು.

ಮೊದಲ ಹಂತದ ಕೆಲಸವೆಲ್ಲ ಪಟ್ಟಿಮಾಡುವ ಮತ್ತು ಹೋಲಿಸುವ ಬಗೆಯದು. ಜರ್ಮನಿಯ ಗಿಯೋರ್ಗ್ ಕೋನ್ 1914ರಲ್ಲಿ ರುಚಿಯುಳ್ಳ ಸಾವಯವ ಸಂಯುಕ್ತಗಳ ಬೃಹತ್ ಸಂಕಲನವನ್ನು ಹೊರತಂದರು. 1969ರಲ್ಲಿ ಜಪಾನಿನ ಕುಬೋಟ ಮತ್ತು ಕುಬೊ ಎಂಬ ವಿಜ್ಞಾನಿಗಳು, ಕಹಿ ಅಣುವಿನಲ್ಲಿ ಪ್ರೋಟಾನನ್ನು ಕೊಡುವ ಗುಂಪೂ ಅದನ್ನು ಸ್ವೀಕರಿಸುವ ಗುಂಪೂ ಸುಮಾರು 1.5 ಆಂಗ್‌ಸ್ಟ್ರಾಮ್ ದೂರದಲ್ಲಿ, ಅಂದರೆ ಬಹುತೇಕ ಒಂದಕ್ಕೊಂದು ತಾಗಿಕೊಂಡು ಇರಬೇಕೆಂಬ ನಿಯಮವನ್ನು ಮುಂದಿಟ್ಟರು. ಕೆಲವು ಸಸ್ಯಜನ್ಯ ಸಂಯುಕ್ತಗಳಿಗೆ ಈ ನಿಯಮ ಚೆನ್ನಾಗಿ ಹೊಂದಿತಾದರೂ ಕಹಿಯ ಇಡೀ ಕುಟುಂಬವನ್ನು ಒಂದೇ ಅಳತೆಗೆ ಒಗ್ಗಿಸುವುದು ಅದರಿಂದ ಆಗುವ ಕೆಲಸವಾಗಿರಲಿಲ್ಲ.

ಬೇರೊಂದು ದಿಕ್ಕಿನಿಂದ ಬಂದ ಸುಳಿವು ಹೆಚ್ಚು ಫಲವತ್ತಾದದ್ದು. 1931ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದ ಆರ್ಥರ್ ಫಾಕ್ಸ್, ಫಿನೈಲ್‌ಥಯೊಕಾರ್ಬಮೈಡ್ ಎಂಬ ಪುಡಿ ಕೆಲವರಿಗೆ ಅತಿ ಕಹಿಯಾಗಿಯೂ ಉಳಿದವರಿಗೆ ಸಪ್ಪೆಯಾಗಿಯೂ ತೋರುತ್ತದೆಂದು ಕಂಡುಕೊಂಡರು. ಈ ಭೇದ ವಂಶಪಾರಂಪರ್ಯವಾಗಿ ಬರುತ್ತದೆಂದು ಸ್ನೈಡರ್ ಮತ್ತು ಬ್ಲೇಕ್ಸ್‌ಲಿ ಬೇಗನೆ ತೋರಿಸಿದ್ದರಿಂದ ಅದು ಜಗತ್ತಿನಾದ್ಯಂತ ತಳಿವಿಜ್ಞಾನದ ಪ್ರಯೋಗವಸ್ತುವಾಯಿತು. ಭಾರತದ ಮಾನವಶಾಸ್ತ್ರಜ್ಞರೂ ನಾನಾ ಸಮುದಾಯಗಳ ಸಮೀಕ್ಷೆಯಲ್ಲಿ ಇದನ್ನು ಬಳಸಿದರು. ಒಂದೇ ಅಣು ಇಬ್ಬರ ನಾಲಿಗೆಯ ಮೇಲೆ ಎರಡು ಬಗೆಯಾಗುವುದಾದರೆ ಕಹಿ ಆ ಅಣುವಿನ ಸ್ವಂತ ಗುಣವಾಗಿರಲಾರದೆಂಬ ತೀರ್ಮಾನ ಇದರಲ್ಲಿ ಅಡಗಿತ್ತಾದರೂ, ಅದನ್ನು ಪ್ರೋಟೀನಿನ ಮಟ್ಟದಲ್ಲಿ ಸಾಬೀತುಪಡಿಸಲು ಏಳು ದಶಕಗಳೇ ಬೇಕಾದವು.

1992ರಲ್ಲಿ ಮಾರ್ಗೊಲ್ಸ್ಕಿ ಮತ್ತು ಸಂಗಡಿಗರು ರುಚಿಕೋಶಗಳಲ್ಲಿ ಗಸ್ಟ್‌ಡ್ಯೂಸಿನ್ ಎಂಬ ಸಂಕೇತವಾಹಕ ಪ್ರೋಟೀನನ್ನು ಗುರುತಿಸಿದರು. 2000ದಲ್ಲಿ ಚಾರ್ಲ್ಸ್ ಝೂಕರ್ ಮತ್ತು ನಿಕೊಲಸ್ ರೈಬಾ ಅವರ ಗುಂಪೂ ಲಿಂಡಾ ಬಕ್ ಅವರ ಗುಂಪೂ ಬೇರೆಬೇರೆಯಾಗಿ ಕಹಿಗ್ರಾಹಕಗಳ ಜೀನುಗಳನ್ನು ಪತ್ತೆಹಚ್ಚಿದವು. ಟಾಸ್2ಆರ್ ಎಂದು ಕರೆಯಲಾದ ಈ ಗ್ರಾಹಕಗಳು ಜೀವಕೋಶದ ಹೊರಪೊರೆಯನ್ನು ಏಳು ಬಾರಿ ಹಾದುಹೋಗುವ ಪ್ರೋಟೀನುಗಳು. ಮನುಷ್ಯನಲ್ಲಿ ಕೆಲಸಮಾಡುವಂಥವು ಸುಮಾರು 25 ಇವೆ. ಕಹಿ ಅಣು ಬಂದು ಸೇರಿದಾಗ ಗ್ರಾಹಕದ ಆಕಾರ ಬದಲಾಗಿ ಗಸ್ಟ್‌ಡ್ಯೂಸಿನ್ ಚುರುಕಾಗುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಮಟ್ಟ ಏರುತ್ತದೆ, ಸಂಕೇತ ನರಕ್ಕೆ ದಾಟುತ್ತದೆ. ಈ ಕ್ಯಾಲ್ಸಿಯಂ ಏರಿಕೆಯೇ ಪ್ರಯೋಗಾಲಯದವರಿಗೆ ಅಳತೆಗೋಲಾಯಿತು: ಸಾಕಣೆಯ ಕೋಶಗಳಲ್ಲಿ ಒಂದೊಂದೇ ಗ್ರಾಹಕವನ್ನು ಬೆಳೆಸಿ, ಅವುಗಳ ಮೇಲೆ ಸಂಯುಕ್ತವನ್ನು ಹನಿಸಿ, ಕ್ಯಾಲ್ಸಿಯಂ ಇರುವಲ್ಲಿ ಮಿನುಗುವ ಬಣ್ಣದ ಮೂಲಕ ಫಲಿತಾಂಶವನ್ನು ಓದುವ ವಿಧಾನವಿಲ್ಲದಿದ್ದರೆ ಮುಂದಿನ ಯಾವ ಪಟ್ಟಿಯೂ ಸಾಧ್ಯವಾಗುತ್ತಿರಲಿಲ್ಲ.

ಈ ವಿಧಾನವನ್ನು ಅತ್ಯಂತ ತಾಳ್ಮೆಯಿಂದ ದುಡಿಸಿಕೊಂಡವರು ಜರ್ಮನಿಯ ಪಾಟ್ಸ್‌ಡಾಮ್ ಬಳಿಯ ಮಾನವ ಪೋಷಣಾ ಸಂಸ್ಥೆಯ ವೋಲ್ಫ್‌ಗಾಂಗ್ ಮೆಯರ್‌ಹೋಫ್ ಮತ್ತು ಅವರ ಸಂಗಡಿಗರು. ಸ್ಯಾಲಿಸಿನ್ ಟಾಸ್2ಆರ್16ನ್ನೂ ಕಾಸರಕ ಬೀಜದ ಸ್ಟ್ರಿಕ್ನಿನ್ ಟಾಸ್2ಆರ್10ನ್ನೂ ಪ್ರಚೋದಿಸುತ್ತವೆಂದು 2002ರಲ್ಲಿಯೇ ಗೊತ್ತಾಯಿತು. ಕರ್ನಾಟಕದ ಮನೆಮದ್ದಿನಲ್ಲಿ ಪರಿಚಿತವಾದ ನೆಲಬೇವಿನ ಆಂಡ್ರೊಗ್ರಾಫೊಲೈಡ್ ಮತ್ತು ಕಿರಾತಕಡ್ಡಿಯಲ್ಲಿರುವ ಅಮರೊಜೆಂಟಿನ್ ಎರಡೂ ಟಾಸ್2ಆರ್50ನ್ನು ಎಚ್ಚರಿಸುತ್ತವೆಂಬ ವರದಿ 2009ರದು. ಮರುವರ್ಷ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ 104 ಕಹಿ ಪದಾರ್ಥಗಳನ್ನು ಎಲ್ಲ 25 ಗ್ರಾಹಕಗಳ ಮೇಲೂ ಪರೀಕ್ಷಿಸಲಾಯಿತು. 10, 14 ಮತ್ತು 46ನೆಯ ಗ್ರಾಹಕಗಳು ಮೂರೇ ಸೇರಿ ಸುಮಾರು ಅರ್ಧದಷ್ಟು ಪದಾರ್ಥಗಳಿಗೆ ಸ್ಪಂದಿಸಿದವು. ಇನ್ನು ಕೆಲವು ಬೆರಳೆಣಿಕೆಯ ಅಣುಗಳಿಗೆ ಮಾತ್ರ ಓಗೊಟ್ಟವು. ಕೆಫೀನು ಒಂದಕ್ಕಲ್ಲ, ಹಲವು ಗ್ರಾಹಕಗಳಿಗೆ ತಾಗುತ್ತದೆಂಬುದೂ ಇಲ್ಲಿ ಖಚಿತವಾಯಿತು. ಇಷ್ಟು ಕಡಮೆ ಗ್ರಾಹಕಗಳು ಅಷ್ಟು ವೈವಿಧ್ಯವನ್ನು ಹೇಗೆ ನಿಭಾಯಿಸುತ್ತವೆಂಬ ಹಳೆಯ ಒಗಟಿಗೆ ದೊರೆತ ನಿಜವಾದ ಉತ್ತರ ಇದೇ.

ಫಾಕ್ಸರ ಪುಡಿಯ ಕಥೆಯೂ ಇದೇ ಕಾಲದಲ್ಲಿ ತಿಳಿಯಾಯಿತು. 2003ರಲ್ಲಿ ಡೆನಿಸ್ ಡ್ರೇನಾ ಅವರ ಗುಂಪು ಏಳನೆಯ ವರ್ಣತಂತುವಿನಲ್ಲಿರುವ ಟಾಸ್2ಆರ್38 ಜೀನನ್ನು ಗುರುತಿಸಿ, ಪ್ರೋಟೀನಿನ 49, 262 ಮತ್ತು 296ನೆಯ ಸ್ಥಾನಗಳ ಅಮೈನೋ ಆಮ್ಲಗಳ ವ್ಯತ್ಯಾಸವೇ ಕಹಿಯನ್ನು ಸವಿಯಬಲ್ಲವರನ್ನೂ ಸವಿಯಲಾಗದವರನ್ನೂ ಬಹುಮಟ್ಟಿಗೆ ಬೇರ್ಪಡಿಸುತ್ತದೆಂದು ತೋರಿಸಿತು. ಚಿಂಪಾಂಜಿಗಳಲ್ಲೂ ಇದೇ ಭೇದವಿರುವುದನ್ನು 1939ರಲ್ಲಿ ಕಂಡಿದ್ದ ಫಿಶರ್, ಫೋರ್ಡ್ ಮತ್ತು ಹಕ್ಸ್ಲಿ, ಅದು ಎರಡೂ ಜಾತಿಗಳ ಸಾಮಾನ್ಯ ಪೂರ್ವಜರಿಂದ ಉಳಿದು ಬಂದಿರಬೇಕೆಂದು ಭಾವಿಸಿದ್ದರು. ಚಿಂಪಾಂಜಿಯಲ್ಲಿ ಜೀನಿನ ಆರಂಭಸೂಚಕವೇ ಕೆಟ್ಟಿರುವುದರಿಂದ ಗ್ರಾಹಕ ಮೊಟಕಾಗುತ್ತದೆಂದೂ ಮನುಷ್ಯನ ಬದಲಾವಣೆಗೂ ಅದಕ್ಕೂ ಸಂಬಂಧವಿಲ್ಲವೆಂದೂ 2006ರಲ್ಲಿ ತಿಳಿದುಬಂತು. ಅರವತ್ತೇಳು ವರ್ಷ ನಿಂತ ಊಹೆಯೊಂದು ಹೀಗೆ ಬದಿಗೆ ಸರಿಯಿತು.

ಕಹಿಯೆಂದರೆ ವಿಷದ ಮುನ್ನೆಚ್ಚರಿಕೆಯೆಂಬ ವಿವರಣೆಯನ್ನು ಈ ಹಿನ್ನೆಲೆಯಲ್ಲಿ ಎಚ್ಚರದಿಂದಲೇ ಒಪ್ಪಬೇಕು. ಸ್ಟ್ರಿಕ್ನಿನ್ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಆದರೆ 1958ರಲ್ಲಿ ಎಡಿನ್‌ಬರೋದಲ್ಲಿ ಸಿಕ್ಕ, ಅತ್ಯಲ್ಪ ಪ್ರಮಾಣದಲ್ಲೂ ಸಹಿಸಲಾಗದ ಕಹಿಯಿರುವ ಡೆನಟೋನಿಯಂ, ಜನರು ವಿಷವಸ್ತುಗಳನ್ನು ಕುಡಿಯದಿರಲೆಂದು ಬೆರೆಸುವ ರಕ್ಷಣಾವಸ್ತುವಾಗಿದೆ. 2005ರ ಇಲಿ ಪ್ರಯೋಗ ಇನ್ನೂ ನಿರ್ಣಾಯಕವಾದದ್ದು. ಸಿಹಿಯನ್ನು ಗ್ರಹಿಸುವ ಕೋಶಗಳಲ್ಲಿ ಮನುಷ್ಯನ ಕಹಿಗ್ರಾಹಕವನ್ನು ಇರಿಸಿದಾಗ ಇಲಿಗಳು ಅದಕ್ಕೆ ತಕ್ಕ ಕಹಿ ಸಂಯುಕ್ತವನ್ನು ಇಷ್ಟಪಟ್ಟು ಕುಡಿದವು. ಒಲವು ಹೇವರಿಕೆಗಳು ಅಣುವಿನಲ್ಲಿಯೂ ಇಲ್ಲ, ಗ್ರಾಹಕದಲ್ಲಿಯೂ ಇಲ್ಲ; ಆ ಗ್ರಾಹಕ ನೆಲೆಸಿರುವ ಕೋಶದಿಂದ ಮಿದುಳಿಗೆ ಹೋಗುವ ದಾರಿಯಲ್ಲಿವೆ.

ಗ್ರಾಹಕಗಳು ಬಾಯಿಗೆ ಸೀಮಿತವಲ್ಲವೆಂಬ ಅರಿವೂ ಬೆಳೆಯಿತು. ಅವು ಶ್ವಾಸನಾಳದ ಸ್ನಾಯುಗಳಲ್ಲಿದ್ದು ಪ್ರಚೋದಿತವಾದಾಗ ನಾಳವನ್ನು ಸಡಿಲಿಸುತ್ತವೆಂದು 2010ರಲ್ಲಿ ವರದಿಯಾಯಿತು. ಎರಡು ವರ್ಷಗಳ ತರುವಾಯ, ಮೂಗಿನ ಒಳಪದರದ ಟಾಸ್2ಆರ್38 ಬ್ಯಾಕ್ಟೀರಿಯಾಗಳ ಸಂಕೇತಾಣುಗಳನ್ನು ಗುರುತಿಸಿ ರಕ್ಷಣೆಗೆ ಇಳಿಯುತ್ತದೆಂದು ತಿಳಿಯಿತು.

ಇಷ್ಟಾದರೂ ಗ್ರಾಹಕದ ಪ್ರತ್ಯಕ್ಷ ರೂಪ ಕಣ್ಣಿಗೆ ಬಿದ್ದದ್ದು 2022ರಲ್ಲಿ, ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಸ್ಟ್ರಿಕ್ನಿನ್ ಸಹಿತವಾಗಿ ಟಾಸ್2ಆರ್46ರ ರಚನೆ ಬಿಡಿಸಲ್ಪಟ್ಟಾಗ. 2024ರಲ್ಲಿ ಹೊರಬಂದ ಟಾಸ್2ಆರ್14ರ ರಚನೆಗಳು ಇನ್ನಷ್ಟು ಅನಿರೀಕ್ಷಿತ: ಕಹಿ ಅಣು ಕೂರಬೇಕೆಂದು ಎಣಿಸಿದ್ದ ಹೊರಗಿನ ಕುಳಿಯಲ್ಲಿ ಕೊಲೆಸ್ಟರಾಲ್ ಇತ್ತು, ಕಹಿ ಪದಾರ್ಥ ಕೋಶದ ಒಳಮುಖದಲ್ಲಿರುವ ಇನ್ನೊಂದು ಕುಳಿಗೆ ಹೋಗಿ ಸೇರಿತ್ತು. ಮಕ್ಕಳ ಔಷಧಿಗಳ ಕಹಿಯನ್ನು ತಡೆಯುವ ಸಂಯುಕ್ತಗಳನ್ನು ರೂಪಿಸಹೊರಟವರು ಇನ್ನು ಮುಂದೆ ಈ ಎರಡೂ ಕುಳಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.