ಪುಡಿಗೆ ಸಿಗದ ಹಲ್ಲು: ನಂಜನಗೂಡು–ನರಸೀಪುರ ಸೀಮೆಯ ದಂತಚಿಕಿತ್ಸೆಯ ಹಿನ್ನೋಟ

ದವಡೆಯ ಕಟ್ಟಕಡೆಗೆ ಮೂಡುವ ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಉಳಿದ 28 ಹಲ್ಲುಗಳೂ ತಮ್ಮ ತಮ್ಮ ಜಾಗ ಹಿಡಿದು ಕೂತಿರುತ್ತವೆ. ಎಡೆ ಸಾಲದಿದ್ದರೆ ತಡವಾಗಿ ಬಂದ ಹಲ್ಲು ಓರೆಯಾಗಿಯೋ ಅಡ್ಡಡ್ಡವಾಗಿಯೋ ಮಲಗಿ, ಅರ್ಧ ಮೂಳೆಯಲ್ಲಿ ಅರ್ಧ ಒಸಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಮುಸುಕಿನಂತೆ ಉಳಿದ ಒಸಡಿನ ಅಡಿಯಲ್ಲಿ ಅನ್ನದ ಅಗುಳು ಸೇರಿ ಕೊಳೆಯುತ್ತದೆ. ಬಾವು ಬರುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಇಂಥ ಹಲ್ಲನ್ನು ಬರಿಯ ಇಕ್ಕಳದಿಂದ ಕೀಳುವುದು ಸಾಧ್ಯವಿಲ್ಲ, ಏಕೆಂದರೆ ಹಿಡಿಯುವುದಕ್ಕೆ ಅದರ ತಲೆಯೇ ಸಿಗುವುದಿಲ್ಲ. ಹೀಗಾಗಿ ಅದನ್ನು ತೆಗೆಯುವ ಉಪಕರಣಗಳ ಚರಿತ್ರೆ ಮಾಮೂಲಿ ಹಲ್ಲು ಕೀಳುವ ಚರಿತ್ರೆಗಿಂತ ಬೇರೆ ದಾರಿಯಲ್ಲಿ ಬೆಳೆಯಿತು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹಲ್ಲೆಂದರೆ ಮೊದಲು ನೆನಪಾಗುವುದು ಪುಡಿ. ಆ ಪುಡಿಯೂ ಬೆರಳೂ ಮುಟ್ಟದ ಮೂಲೆಯಲ್ಲೇ ಈ ಹಲ್ಲು ಇರುವುದರಿಂದ ಎರಡು ಕಥೆಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಬುದ್ಧಿ ಹಲ್ಲು ಸಿಕ್ಕಿಕೊಳ್ಳುವುದಕ್ಕೆ ಊಟ ಮೆತ್ತಗಾದದ್ದು ಒಂದು ಕಾರಣ ಎಂಬುದು ದಂತವಿಜ್ಞಾನದಲ್ಲಿ ಬಹುಕಾಲದಿಂದ ಇರುವ ವಾದ. ಗಟ್ಟಿ ಆಹಾರವನ್ನು ಅಗಿದು ಬೆಳೆದ ಮಗುವಿನ ದವಡೆ ಉದ್ದಕ್ಕೆ ಬೆಳೆಯುತ್ತದೆ; ಬೀಸುಕಲ್ಲಿನ ಕಲ್ಲುಪುಡಿ ಬೆರೆತ ಹಿಟ್ಟು ತಿಂದವರ ಹಲ್ಲುಗಳು ಮೇಲೂ ಪಕ್ಕದಲ್ಲೂ ಸವೆದು, ಇಡೀ ಸಾಲು ಮುಂದಕ್ಕೆ ಸರಿದು, ಹಿಂದೆ ಜಾಗ ಬಿಡುತ್ತದೆ. ಅಂಥ ಊಟ ಉಂಡವರು ಈ ಸೀಮೆಯಲ್ಲೂ ಇದ್ದರು. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರಿಂದ ಮೊದಲುಗೊಂಡು ಕೆಲವು ವರ್ಷ ನರಸೀಪುರದ ನದೀಸಂಗಮದ ದಂಡೆಯಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ನೆಲೆ, ಸಮಾಧಿಗಳು, ಸುಟ್ಟಮಣ್ಣಿನ ತಲೆದಿಂಬುಗಳು ಸಿಕ್ಕಿವೆ. ಆಮೇಲೆ ಕಾವೇರಿಯ ಅಣೆಕಟ್ಟೆಗಳೂ ಕಾಲುವೆಗಳೂ ಬಂದು, ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಯ ನೀರು ಹರಿದ ಕಡೆಯೆಲ್ಲ ಭತ್ತ ಬೆಳೆದು, ತಟ್ಟೆಯಲ್ಲಿ ಅನ್ನ ಹೆಚ್ಚಿತು. ಹಾಗೆಂದು ಖುಷ್ಕಿ ಜಮೀನಿನವರ ದವಡೆ ಗಟ್ಟಿ, ನೀರಾವರಿಯವರದು ಮೆತ್ತಗೆ ಎಂದು ಭಾಗ ಮಾಡುವುದು ತಮಾಷೆಯಾದೀತು. ರಾಗಿಮುದ್ದೆ ಅಗಿಯುವ ಊಟವೇ ಅಲ್ಲ, ನುಂಗುವ ಊಟ.

ಕಡೆಯ ಹಲ್ಲಿನ ಉಪದ್ರವವನ್ನು ಹಳೆಯ ವೈದ್ಯಗ್ರಂಥಗಳು ಚೆನ್ನಾಗಿ ಬಲ್ಲವು. ದವಡೆಯ ಕೊನೆಯ ಹಲ್ಲಿನ ಬಳಿ ದೊಡ್ಡ ಬಾವು, ತೀವ್ರ ನೋವು, ಜೊಲ್ಲು ಸುರಿಯುವುದು ಇವಿಷ್ಟನ್ನು ಸುಶ್ರುತ ಸಂಹಿತೆ ‘ಅಧಿಮಾಂಸ’ ಎಂದು ಹೆಸರಿಸುತ್ತದೆ. ಚಿಕಿತ್ಸೆಯೂ ಅಷ್ಟೇ ನೇರ: ಹೆಚ್ಚಾದ ಮಾಂಸವನ್ನು ಕತ್ತರಿಸಿ ತೆಗೆದು, ಬಜೆ, ಪಾಠಾ, ಕ್ಷಾರಗಳು ಮೊದಲಾದವುಗಳ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚುವುದು. ಇಂದಿನ ದಂತವೈದ್ಯರು ಬುದ್ಧಿ ಹಲ್ಲಿನ ಮೇಲಿನ ಒಸಡಿನ ಮುಸುಕನ್ನು ಕತ್ತರಿಸುವುದೂ ಹೆಚ್ಚುಕಡಿಮೆ ಇದೇ ಕೆಲಸ. ವಾತದಿಂದ ಹೆಚ್ಚುವರಿ ಹಲ್ಲು ಮೂಡುವಾಗ ನೋವಾಗಿ, ಅದು ಪೂರ್ತಿ ಮೂಡಿದ ಮೇಲೆ ನೋವು ತಾನಾಗಿ ಅಡಗುತ್ತದೆ ಎಂದು ಅದೇ ಗ್ರಂಥ ಇನ್ನೊಂದು ಕಡೆ ಹೇಳುತ್ತದೆ. ಆದರೆ ಕೀಳುವ ವಿಷಯದಲ್ಲಿ ಸುಶ್ರುತನಿಗೆ ಅಂಜಿಕೆ ಇತ್ತು. ಮೇಲಿನ ಸಾಲಿನ ಹಲ್ಲು ಅಲುಗಾಡುತ್ತಿದ್ದರೂ ಕೀಳಬಾರದು, ಅತಿಯಾಗಿ ರಕ್ತ ಹೋಗಿ ದೃಷ್ಟಿ ಕೆಡಬಹುದು, ಮುಖ ವಕ್ರವಾಗಬಹುದು ಎಂದು ಅವನ ಎಚ್ಚರಿಕೆ. ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಉಪಕರಣಗಳ ಮಟ್ಟಿಗೆ ಸುಶ್ರುತನ ಪಟ್ಟಿ ದೊಡ್ಡದು: 101 ಯಂತ್ರಗಳು, 20 ಶಸ್ತ್ರಗಳು. ಯಂತ್ರಗಳಲ್ಲಿ 24 ಬಗೆಯ ಸ್ವಸ್ತಿಕಯಂತ್ರಗಳಿವೆ. ಇವು ಸಿಂಹ, ಹುಲಿ, ಕಾಗೆ, ಕಂಕಪಕ್ಷಿ ಮೊದಲಾದವುಗಳ ಬಾಯಿಯ ಆಕಾರದವು. ನಡುವೆ ಮಸೂರದ ಕಾಳಿನಂಥ ಮೊಳೆ ಬಡಿದು ಎರಡು ತೋಳುಗಳನ್ನು ಕತ್ತರಿಯಂತೆ ಜೋಡಿಸಿದವು. ಮೂಳೆಯಲ್ಲಿ ನಾಟಿದ ಬಾಣದ ಮೊನೆ ಕೀಳುವುದು ಇವುಗಳ ಮುಖ್ಯ ಕೆಲಸ. ಇಂದಿನ ಹಲ್ಲಿನ ಇಕ್ಕಳದ ರಚನೆಯೂ ಇದೇ. ಹಲ್ಲಿನ ಕಿಟ್ಟ ಕೆರೆಯಲು ದಂತಶಂಕು ಎಂಬ ಶಸ್ತ್ರವಿತ್ತು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಬರುವ ಇನ್ನೊಂದು ಸಾಧನ ಇಲ್ಲಿ ಹೆಚ್ಚು ಮುಖ್ಯ. ಹಲ್ಲು ಬೀಳಿಸುವುದಕ್ಕೆಂದೇ ಹೇಳಿದ ಅದು ನಾಲ್ಕು ಅಂಗುಲ ಉದ್ದ, ತುದಿ ಬಾಣದ ಹಿಂಬದಿಯ ಆಕಾರ. ಅದು ಹಿಡಿದು ಎಳೆಯುವ ಇಕ್ಕಳವಲ್ಲ. ಸಂದಿಗೆ ತೂರಿಸಿ ಮೀಟುವ ಕಡ್ಡಿ. ಹೂತ ಹಲ್ಲಿನ ಮಟ್ಟಿಗೆ ಎಳೆಯುವುದಕ್ಕಿಂತ ಮೀಟುವುದೇ ಸರಿಯಾದ ಕ್ರಮವೆಂದು ಮುಂದೆ ಸಾಬೀತಾಯಿತು.

ಇವೆಲ್ಲ ಗ್ರಂಥದ ಮಾತು. ಮನೆಗಳಲ್ಲಿ ನಡೆಯುತ್ತಿದ್ದದ್ದು ಬೇರೆ. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಉಪ್ಪು, ಇಜ್ಜಲು, ಬೆರಣಿಯ ಬೂದಿ ಇವು ದಿನನಿತ್ಯದ ಸಾಮಗ್ರಿ. ನೋವು ಬಂದರೆ ಲವಂಗ ಅಥವಾ ಲವಂಗದೆಣ್ಣೆ. ಹುಳುಕು ಹಲ್ಲಿಗೆ ನೆಲಗುಳ್ಳದ ಬೀಜದ ಹೊಗೆ ಹಿಡಿದು ‘ಹುಳ’ ಬೀಳಿಸುವುದು ಇನ್ನೊಂದು ಪದ್ಧತಿ. ಹುಳುಕಿನಲ್ಲಿ ಹುಳ ಇರುವುದಿಲ್ಲ, ಬಿದ್ದದ್ದು ಹೊಗೆಯೊಂದಿಗೆ ಬಂದ ಬೀಜದ ಚೂರು. ಲವಂಗದಲ್ಲಿರುವ ಯೂಜಿನಾಲ್ ಮಾತ್ರ ನಿಜವಾಗಿ ನೋವು ತಗ್ಗಿಸುತ್ತದೆ. ಅದನ್ನು ಸತುವಿನ ಆಕ್ಸೈಡ್ ಜೊತೆ ಕಲಸಿ ದಂತವೈದ್ಯರು ಇಂದಿಗೂ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ.

ಈ ಮನೆಮದ್ದು ಪೊಟ್ಟಣಕ್ಕೆ ಇಳಿದದ್ದು ನಂಜನಗೂಡಿನಲ್ಲಿ. ಆಯುರ್ವೇದ ಪಂಡಿತ ಬಿ. ವಿ. ಪಂಡಿತರು 1913ರಲ್ಲಿ ಅಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅದರ ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಗೂ ಮುಟ್ಟಿ ಊರಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ರಸಬಾಳೆಯಷ್ಟೇ ಸಲೀಸಾಗಿ ಜನ ‘ನಂಜನಗೂಡು ಹಲ್ಲುಪುಡಿ’ ಎಂದರು. ಊರೂ ಇದಕ್ಕೆ ತಕ್ಕದ್ದಾಗಿತ್ತು. ವಿಷ ನುಂಗಿದ ನಂಜುಂಡನ ಸನ್ನಿಧಿ, ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುವವರ ಊರು. ಟಿಪ್ಪು ಸುಲ್ತಾನ್ ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಐತಿಹ್ಯವೂ ಇದೆ. ಮೈಸೂರಿನಿಂದ 1891ರಲ್ಲೇ ರೈಲು ಬಂದಿದ್ದರಿಂದ ಯಾತ್ರಿಕರೂ ಸರಕೂ ಸುಲಭವಾಗಿ ಓಡಾಡುತ್ತಿದ್ದವು.

ಪುಡಿಯ ಮೂಲದ್ರವ್ಯಗಳಲ್ಲಿ ಮುಖ್ಯವಾದದ್ದು ಸುಟ್ಟ ಭತ್ತದ ಹೊಟ್ಟು. ಭತ್ತ ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ಕಚ್ಚಾವಸ್ತು ಇನ್ನೊಂದಿಲ್ಲ. ನೂರು ಕಿಲೋ ಭತ್ತ ಮಿಲ್ಲಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ, ಅದನ್ನು ಪೂರ್ತಿ ಸುಟ್ಟರೆ ನಾಲ್ಕು ಕಿಲೋ ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಶೇ. 85ಕ್ಕಿಂತ ಹೆಚ್ಚು ಸಿಲಿಕಾ. ಹಲ್ಲಿನ ಪಾಚಿ ತಿಕ್ಕಿ ತೆಗೆಯುವುದು ಈ ಸಿಲಿಕಾ. ಇಂದಿನ ಹಲವು ಟೂತ್‌ಪೇಸ್ಟ್‌ಗಳಲ್ಲೂ ತಿಕ್ಕುವ ವಸ್ತು ಸಿಲಿಕಾವೇ; ಅದು ಕಾರ್ಖಾನೆಯಲ್ಲಿ ತಯಾರಾದ ಮೃದುವಾದ ಬಗೆ ಎಂಬುದಷ್ಟೇ ವ್ಯತ್ಯಾಸ. ಸರಿಯಾಗಿ ಅರೆಯದ, ಅತಿಯಾದ ಕಾವಿನಲ್ಲಿ ಸುಟ್ಟ ಬೂದಿ ಹಲ್ಲಿನ ಹೊರಪದರವನ್ನೇ ಸವೆಸುತ್ತದೆ. ಹೀಗಾಗಿ ಹಲ್ಲುಪುಡಿ ಮಾಡುವವರ ಕೌಶಲವೆಲ್ಲ ಸುಡುವುದರಲ್ಲಿ, ಅರೆಯುವುದರಲ್ಲಿ, ಸೋಸುವುದರಲ್ಲಿ ಇರುತ್ತದೆ.

ಪುಡಿಯನ್ನು ಎಡ ಅಂಗೈಗೆ ಸುರಿದುಕೊಂಡು ಬಲಗೈ ತೋರುಬೆರಳಲ್ಲಿ ತಿಕ್ಕುವುದು ರೂಢಿ. ಮುಂದಿನ ಹಲ್ಲುಗಳಿಗೂ ಒಸಡಿಗೂ ಇದು ಒಳ್ಳೆಯದೇ, ಒಸಡು ನೀವಿದಂತೆಯೂ ಆಗುತ್ತದೆ. ಆದರೆ ಬೆರಳಿನ ಗೆಣ್ಣು ಕೆನ್ನೆಗೆ ಅಡ್ಡವಾಗಿ, ತುದಿ ಎರಡನೆಯ ದವಡೆ ಹಲ್ಲಿನ ಹತ್ತಿರವೇ ನಿಲ್ಲುತ್ತದೆ. ಬುದ್ಧಿ ಹಲ್ಲಿನ ಹಿಂಬದಿಗೆ, ಒಸಡಿನ ಮುಸುಕಿನ ಅಡಿಗೆ ಪುಡಿ ಹೋಗುವುದಿಲ್ಲ. ಬೆಳಗ್ಗೆ ತಪ್ಪದೆ ಹಲ್ಲುಜ್ಜಿದ ಮನುಷ್ಯನೂ ಅಲ್ಲೊಂದು ಕಡೆ ಸೋತ. ಭಾರತದಲ್ಲಿ 1937ರಲ್ಲಿ ಕಾಲ್ಗೇಟ್ ಕಂಪನಿ ನೆಲೆಯೂರಿದ ಮೇಲೆ ಪೇಸ್ಟು ಬ್ರಷ್ಷುಗಳು ಪಟ್ಟಣದಿಂದ ಹಳ್ಳಿಗೆ ನಿಧಾನವಾಗಿ ಇಳಿದು, ಪುಡಿಯ ಮಾರುಕಟ್ಟೆ ಕುಗ್ಗಿತು. ಬ್ರಷ್ಷು ಒಂದಿಷ್ಟು ಹಿಂದಕ್ಕೆ ಹೋದರೂ ಓರೆಯಾಗಿ ಮಲಗಿದ ಹಲ್ಲಿಗೆ ಅದೂ ಪರಿಹಾರವಲ್ಲ, ಉಳಿಯುವುದು ಶಸ್ತ್ರಚಿಕಿತ್ಸೆ.

ಯೂರೋಪಿನಲ್ಲಿ ಹಲ್ಲು ಕೀಳುವ ಸಾಧನಗಳು ಬಹುಕಾಲ ಒರಟಾಗಿದ್ದವು. ಹದಿನೆಂಟನೆಯ ಶತಮಾನದಲ್ಲಿ ಬಂದ ‘ಟೂತ್ ಕೀ’ ಕೊಕ್ಕೆಯಿರುವ ಬೀಗದಕೈ; ಹಲ್ಲಿಗೆ ಸಿಕ್ಕಿಸಿ ತಿರುಚಿದರೆ ಹಲ್ಲಿನ ಜೊತೆ ದವಡೆಮೂಳೆಯ ಚೂರೂ ಬರುತ್ತಿತ್ತು. ಲಂಡನ್ನಿನ ಜಾನ್ ಟೋಮ್ಸ್ 1841ರಲ್ಲಿ ಪ್ರತಿ ಹಲ್ಲಿನ ಕೊರಳಿನ ಆಕಾರಕ್ಕೆ ಹೊಂದುವ ಇಕ್ಕಳಗಳನ್ನು ವಿವರಿಸಿದ ಮೇಲೆ ಬೀಗದಕೈ ಹಿಂದೆ ಸರಿಯಿತು. ಬುದ್ಧಿ ಹಲ್ಲಿನ ಶಸ್ತ್ರಚಿಕಿತ್ಸೆಗೆ ಮಾತ್ರ ಇನ್ನೂ ಎರಡು ಬೇಕಿದ್ದವು: ಮರಗಟ್ಟಿಸುವ ಮದ್ದು ಮತ್ತು ಎಕ್ಸ್‌ರೇ. 1885ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಕೊಕೇನ್ ಚುಚ್ಚಿ ಕೆಳದವಡೆಯ ನರವನ್ನು ಮರಗಟ್ಟಿಸಿದರು. 1895ರಲ್ಲಿ ರಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. 1926ರಲ್ಲಿ ಅಮೆರಿಕದ ಜಾರ್ಜ್ ವಿಂಟರ್ ಬುದ್ಧಿ ಹಲ್ಲು ಯಾವ ಕೋನದಲ್ಲಿ ಮಲಗಿದೆ ಎಂಬುದರ ಮೇಲೆ ವರ್ಗೀಕರಣ ಮಾಡಿದರು, 1933ರಲ್ಲಿ ಪೆಲ್ ಮತ್ತು ಗ್ರೆಗರಿ ಆಳವನ್ನೂ ಜಾಗವನ್ನೂ ಸೇರಿಸಿದರು. ಸ್ವೀಡನ್ನಿನ ಲಿಗ್ನೊಕೇನ್ 1948ರಲ್ಲಿ ಮಾರುಕಟ್ಟೆಗೆ ಬಂತು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ‘ಮರಗಟ್ಟೋ ಇಂಜೆಕ್ಷನ್’ ಎನ್ನುವುದು ಸಾಮಾನ್ಯವಾಗಿ ಇದನ್ನೇ.

ಆ ವಿದ್ಯೆ ಈ ಸೀಮೆಗೆ ಬಂದದ್ದು ಮೈಸೂರಿನ ಮೂಲಕ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡು, ಕೆ. ಆರ್. ಆಸ್ಪತ್ರೆ ಸುತ್ತಲಿನ ತಾಲ್ಲೂಕುಗಳಿಗೆ ದೊಡ್ಡಾಸ್ಪತ್ರೆಯಾಯಿತು. 1948ರ ದಂತವೈದ್ಯರ ಕಾಯಿದೆ ಪದವೀಧರರನ್ನೂ, ಪದವಿಯಿಲ್ಲದೆ ವರ್ಷಗಟ್ಟಲೆ ವೃತ್ತಿ ನಡೆಸಿದವರನ್ನೂ ಬೇರೆಬೇರೆ ಪಟ್ಟಿಯಲ್ಲಿ ನೋಂದಾಯಿಸಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲೂ ಮೈಸೂರಿನ ಜೆಎಸ್‌ಎಸ್ ದಂತವೈದ್ಯಕೀಯ ಕಾಲೇಜು 1986ರಲ್ಲೂ ಶುರುವಾದವು. ನಂಜನಗೂಡಿನಿಂದ ಸುಮಾರು 25, ನರಸೀಪುರದಿಂದ 30 ಕಿಲೋಮೀಟರ್ ದೂರದಲ್ಲೇ ಇಂಥ ಕಾಲೇಜು ಬಂದದ್ದು ದೊಡ್ಡ ಬದಲಾವಣೆ. ಬೆಳಗಿನ ಬಸ್ಸು ಹತ್ತಿ ಹೋಗಿ ಹಲ್ಲು ತೆಗೆಸಿಕೊಂಡು ಸಂಜೆಗೆ ಮನೆ ಸೇರಬಹುದಾಯಿತು.

ಉಪಕರಣದ ಆಯ್ಕೆ ಶುರುವಾಗುವುದು ಎಕ್ಸ್‌ರೇಯಿಂದ. ನೆಟ್ಟಗೆ ನಿಂತು ಪೂರ್ತಿ ಹೊರಬಂದ ಹಲ್ಲಾದರೆ ಇಕ್ಕಳ ಸಾಕು. ಮೇಲಿನ ಬುದ್ಧಿ ಹಲ್ಲಿನ ಸುತ್ತಲ ಮೂಳೆ ಮೆದು, ಬೇರು ಸಾಮಾನ್ಯವಾಗಿ ಚಿಕ್ಕದು. ವಾರ್ವಿಕ್ ಜೇಮ್ಸ್ ಎಂಬ ಸಣ್ಣ ಎಲಿವೇಟರಿನಿಂದ ಮೀಟಿದರೆ ಬರುತ್ತದೆ. ಕಷ್ಟವೆಲ್ಲ ಕೆಳಗಿನದರಲ್ಲಿ. ಮುಂದಿನ ಹಲ್ಲಿನ ಕಡೆಗೆ ಬಾಗಿದ್ದರೆ ಕೈಗೆ ಸಿಗುತ್ತದೆ, ಹಿಂದಕ್ಕೆ ಬಾಗಿದ್ದರೆ ದವಡೆಯ ಏರುಮೂಳೆಯೊಳಗೇ ತಲೆ ತೂರಿಸಿರುತ್ತದೆ. ಎಕ್ಸ್‌ರೇಯಲ್ಲಿ ಸುಲಭವೆನಿಸುವ ಈ ಎರಡನೆಯ ಬಗೆಯೇ ವೈದ್ಯರನ್ನು ಹೆಚ್ಚು ದಣಿಸುವುದು.

ಕೆಲಸದ ಕ್ರಮ ಹೀಗೆ. 15ನೇ ನಂಬರಿನ ಬ್ಲೇಡಿನಿಂದ ಒಸಡು ಕೊಯ್ದು, ಅಗಲ ತುದಿಯ ಪೆರಿಯಾಸ್ಟಿಯಲ್ ಎಲಿವೇಟರಿನಿಂದ ಅದನ್ನು ಮೂಳೆಯಿಂದ ಬಿಡಿಸಿ, ಆಸ್ಟಿನ್ ರಿಟ್ರಾಕ್ಟರಿನಿಂದ ಪಕ್ಕಕ್ಕೆ ಹಿಡಿಯಬೇಕು. ನಂತರ ಮೂಳೆ ತೆಗೆಯುವುದು. ಇಲ್ಲಿ ಎರಡು ಪರಂಪರೆಗಳಿವೆ. ಬ್ರಿಟಿಷ್ ಪದ್ಧತಿ ಉಳಿ–ಸುತ್ತಿಗೆಯದು. ನಾಲಿಗೆಯ ಕಡೆಯ ಮೂಳೆಯನ್ನು ಉಳಿಯಿಂದ ಸೀಳಿ ಹಲ್ಲನ್ನು ಆ ಕಡೆಗೆ ಹೊರಳಿಸುವುದು. ಬಲ್ಲವರ ಕೈಯಲ್ಲಿ ಬೇಗ ಮುಗಿಯುತ್ತದೆ, ಆದರೆ ಎಚ್ಚರವಿರುವ ರೋಗಿಯ ದವಡೆಗೆ ಸುತ್ತಿಗೆ ಬಡಿಯುವುದು ಯಾರಿಗೂ ಹಿತವಲ್ಲ. ಪೂರ್ಣ ಅರಿವಳಿಕೆ ಬೇಕಾಗುತ್ತದೆ, ನಾಲಿಗೆಯ ನರಕ್ಕೂ ಅಪಾಯ. ಇನ್ನೊಂದು, ಬರ್ ಎಂಬ ಕೊರೆಯುವ ಮೊನೆಯನ್ನು ತಿರುಗಿಸುವ ಹ್ಯಾಂಡ್‌ಪೀಸ್. ಇಂದು ಹೆಚ್ಚಿನ ಕಡೆ ಉಳಿದಿರುವುದು ಇದೇ. ಹಲ್ಲು ತುಂಬಲು ಬಳಸುವ ಗಾಳಿಯೊತ್ತಡದ ಏರೋಟರನ್ನು ಇಲ್ಲಿ ಬಳಸುವುದು ತಪ್ಪು, ಏಕೆಂದರೆ ಬಿಡಿಸಿದ ಒಸಡಿನ ಅಡಿಗೆ ಗಾಳಿ ನುಗ್ಗಿ ಮುಖ ಕೊರಳೆಲ್ಲ ಊದಿಕೊಳ್ಳಬಹುದು. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಕಾದರೆ ಸಾಯತೊಡಗುತ್ತದೆ. ಅದಕ್ಕೇ ಬರ್ ತಿರುಗುವಷ್ಟು ಹೊತ್ತೂ ಸಹಾಯಕರು ಸಲೈನ್ ಸುರಿಯುತ್ತಿರಬೇಕು.

ಮೂಳೆ ಬಿಡಿಸಿದ ಮೇಲೆ ಅದೇ ಬರ್‌ನಿಂದ ಹಲ್ಲನ್ನು ಎರಡು ಮೂರು ತುಂಡು ಮಾಡುತ್ತಾರೆ. ಕೂಪ್ಲೆಂಡ್ ಎಲಿವೇಟರಿನ ಕಿರಿದಾದ ಒಂದನೇ ನಂಬರನ್ನು ಸಂದಿಗೆ ತೂರಿಸಿ, ಎಡೆ ಬಿಟ್ಟ ಹಾಗೆ ಎರಡು, ಮೂರನೆಯದಕ್ಕೆ ಹೋಗುವುದು ವಾಡಿಕೆ. ಒಂದು ಬೇರು ಬಂದು ಇನ್ನೊಂದು ಉಳಿದರೆ ತ್ರಿಕೋನ ತುದಿಯ ಕ್ರೈಯರ್. ಅದು ಎಡ–ಬಲ ಜೋಡಿಯಾಗಿ ಬರುತ್ತದೆ, ಖಾಲಿಯಾದ ಗುಳಿಯ ಕಡೆಯಿಂದ ಹಾಕಿ ತಿರುಗಿಸಬೇಕು. ಬಲ ಹೆಚ್ಚಾದರೆ ದವಡೆಯೇ ಮುರಿಯುವುದುಂಟು. ಒಳ್ಳೆಯ ಶಸ್ತ್ರವೈದ್ಯರನ್ನು ಅವರ ಟ್ರೇಯಿಂದಲೇ ಗುರುತಿಸಬಹುದು: ಹತ್ತಿಪ್ಪತ್ತು ಎಲಿವೇಟರ್ ಹರಡಿಕೊಂಡವರಿಗಿಂತ, ಕೈಪಳಗಿದ ನಾಲ್ಕೈದನ್ನು ಮೊನೆ ಕೆಡದಂತೆ ಇಟ್ಟುಕೊಂಡವರ ಕೆಲಸ ಸಲೀಸಾಗಿ ಸಾಗುತ್ತದೆ. ಚೂಪಾದ ಅಂಚುಗಳನ್ನು ಅರದಿಂದ ಸವರಿ, ಗುಳಿ ತೊಳೆದು, ಸಾಮಾನ್ಯವಾಗಿ 3–0 ಕಪ್ಪು ರೇಷ್ಮೆ ದಾರದಿಂದ ಹೊಲಿಗೆ ಹಾಕುತ್ತಾರೆ. ವಾರದ ಮೇಲೆ ಬಿಚ್ಚುತ್ತಾರೆ.

ಹಿಂದೆ ಕುದಿನೀರಿನ ಪೆಟ್ಟಿಗೆಯಲ್ಲಿ ಅದ್ದಿ ತೆಗೆದರೆ ಉಪಕರಣ ಶುದ್ಧವಾಯಿತೆಂದು ಲೆಕ್ಕ. ಕಾಮಾಲೆಯ ಹೆಪಟೈಟಿಸ್ ಬಿ ವೈರಸ್ಸು, ಆಮೇಲೆ 1980ರ ದಶಕದಲ್ಲಿ ಎಚ್‌ಐವಿ ಭಯ ಬಂದ ಮೇಲೆ 121 ಡಿಗ್ರಿಯಲ್ಲಿ 15 ನಿಮಿಷ ಒತ್ತಡದ ಹಬೆಯಲ್ಲಿಡುವ ಆಟೋಕ್ಲೇವ್ ಕಡ್ಡಾಯವೆನಿಸಿತು. ಜಾತ್ರೆ, ಶಿಬಿರಗಳಲ್ಲಿ ಸಾಲಾಗಿ ಕೂರಿಸಿ ಹಲ್ಲು ಕೀಳುವುದು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಸಿಕ್ಕಿಕೊಂಡ ಹಲ್ಲನ್ನೆಲ್ಲ ತೆಗೆಯಲೇಬೇಕೆಂಬ ನಿಲುವೂ ಈಗ ಸಡಿಲವಾಗಿದೆ. ತೊಂದರೆ ಕೊಡದ ಬುದ್ಧಿ ಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2000ದಲ್ಲಿ ಸೂಚಿಸಿತು. ಪದೇಪದೇ ಬಾವು ಬರುವುದು, ಪಕ್ಕದ ಹಲ್ಲಿಗೆ ಹುಳುಕು ಹತ್ತುವುದು, ಹಲ್ಲಿನ ಸುತ್ತ ನೀರುಗಂಟು ಕಟ್ಟುವುದು ತೆಗೆಯುವುದಕ್ಕೆ ಸರಿಯಾದ ಕಾರಣಗಳು. ಬೇರು ಕೆಳದವಡೆಯ ನರಕ್ಕೆ ತಗುಲಿದಂತೆ ಕಂಡರೆ ಮೂರು ಆಯಾಮದ ಸ್ಕ್ಯಾನ್ ಮಾಡಿಸಿ, ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ತಜ್ಞರಿರುವ ಆಸ್ಪತ್ರೆಗೆ ಕಳಿಸುವುದು ಕ್ರಮ. ಇಂಥ ರೋಗಿಗಳಲ್ಲಿ ಕೆಲವೊಮ್ಮೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ, ಬೇರನ್ನು ಮೂಳೆಯಲ್ಲೇ ಬಿಟ್ಟು ಒಸಡು ಹೊಲಿಯುತ್ತಾರೆ.