ಗೋಡೆಯೇರಿದ ಕೊಂಬುಗಳು

ಕೆಲವು ತಿಂಗಳುಗಳ ಹಿಂದೆ ನನ್ನ ಪೂರ್ವಶಿಷ್ಯನೊಬ್ಬನು ಬಂಗಾರಪೇಟೆಯ ನಮ್ಮ ಮನೆಗೆ ಗಂಟೊಂದನ್ನು ತಂದು ಜಗಲಿಯ ಮೇಲಿರಿಸಿದನು. ಬಿಚ್ಚಿ ನೋಡಲು, ಮರದ ಹಲಗೆಗೆ ಬಿಗಿದಿದ್ದ ಕೃಷ್ಣಮೃಗದ ಕರೋಟಿಯೂ, ಅದರ ಮೇಲೆ ತಿರುಚಿ ನಿಂತ ಎರಡು ಕೊಂಬುಗಳೂ ಕಂಡುಬಂದುವು. ಅವನ ತಾತನು ಚಿನ್ನದ ಗಣಿಯಲ್ಲಿ ಗುಮಾಸ್ತನಾಗಿದ್ದವನು. ಸ್ವದೇಶಕ್ಕೆ ತೆರಳುವಾಗ ದೊರೆಯೊಬ್ಬನು ಅವನಿಗೆ ಕೊಟ್ಟುಹೋದ ವಸ್ತುವಂತೆ. “ಮೂಳೆ ಹಳದಿಗಟ್ಟಿದೆ, ಮೇಷ್ಟ್ರೇ. ಬಿಳುಪು ಮಾಡಿ ಬಣ್ಣ ಬಳಿದರೆ ಮನೆಯ ಅಲಂಕಾರಕ್ಕೆ ಕೊಳ್ಳುವವರಿದ್ದಾರೆ. ಹಿಂದೆ ಏನೋ ಚೀಟಿ ಅಂಟಿಸಿದ್ದಾರೆ, ಓದಿ ಹೇಳಿ” ಎಂದನು. ಆ ಚೀಟಿಯೇ ಈ ಲೇಖನಕ್ಕೆ ಕಾರಣವಾಯಿತು.

ಸವೆದ ಇಂಗ್ಲಿಷ್ ಅಕ್ಷರಗಳಲ್ಲಿ ‘ವ್ಯಾನ್ ಇಂಗೆನ್, ಮೈಸೂರು’ ಎಂದಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುಜೀನ್ ವ್ಯಾನ್ ಇಂಗೆನ್ ಎಂಬಾತನು ಮೈಸೂರಿನಲ್ಲಿ ಸ್ಥಾಪಿಸಿದ ಚರ್ಮಪ್ರಸಾಧನ ಶಾಲೆಯಿದು. ಬೋಥಾ, ಡಿ ವೆಟ್, ಜೂಬರ್ಟ್ ಎಂದು ಬೋಯರ್ ಸೇನಾನಿಗಳ ಹೆಸರುಗಳನ್ನೇ ಹೊತ್ತ ಆತನ ಮಕ್ಕಳು ಅದನ್ನು ಮುಂದುವರಿಸಿದರು. ಮಹಾರಾಜರೂ ಆಂಗ್ಲ ಅಧಿಕಾರಿಗಳೂ ಕೊಂದ ಹುಲಿ, ಚಿರತೆ, ಕಾಟಿ, ಕಡವೆಗಳು ಇಲ್ಲಿಗೆ ಬಂದು, ಗಾಜಿನ ಕಣ್ಣುಗಳನ್ನು ಪಡೆದು, ಮತ್ತೆ ಜೀವವಿದ್ದಂತೆ ತೋರುತ್ತ ಹೊರಡುತ್ತಿದ್ದುವು. ಹೀಗೆ ಹೋದ ಹುಲಿ ಚಿರತೆಗಳೇ ಸಾವಿರಗಟ್ಟಲೆ ಎಂಬುದನ್ನು ನೆನೆದರೆ ಮನಸ್ಸು ಖಿನ್ನವಾಗುತ್ತದೆ.

ಗಣಿಯ ಸೀಮೆಗೆ ಈ ಅಭಿರುಚಿಯು ಬಂದ ಬಗೆಯು ಊಹಿಸಲಸಾಧ್ಯವೇನಲ್ಲ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಗಣಿಗಳ ಆಡಳಿತಕ್ಕೆ ಕೈಹಾಕಿತು. ಆಗ ಬೌರಿಂಗ್‌ಪೇಟೆಯೆನಿಸಿದ್ದ ನಮ್ಮೂರಿನಿಂದ 1894ರಲ್ಲಿ ಗಣಿಗೆ ರೈಲು ಹಾದಿಯಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಬಂಗಲೆಗಳೆದ್ದುವು, ಬಂದೂಕುಗಳೂ ಬಂದುವು. ನಾನು ಬಾಲಕನಾಗಿದ್ದಾಗ ಅಂತಹ ಬಂಗಲೆಯೊಂದರ ಪಡಸಾಲೆಯಲ್ಲಿ ಸಾಲಾಗಿ ನೋಡುತ್ತಿದ್ದ ತಲೆಗಳಿಗೆ ಹೆದರಿ ತಂದೆಯವರ ಪಂಚೆಯನ್ನು ಹಿಡಿದುಕೊಂಡುದು ಇನ್ನೂ ನೆನಪಿದೆ. ನಮ್ಮ ಅರಸರೇನೂ ಬೇಟೆಯಾಡದವರಲ್ಲ. ಆದರೆ ಅರ್ಥಶಾಸ್ತ್ರಕಾರನು ಮೃಗಯೆಯನ್ನು ದ್ಯೂತ, ಪಾನಗಳೊಡನೆ ವ್ಯಸನಗಳಲ್ಲಿ ಎಣಿಸಿರುವುದನ್ನು ಮರೆಯಲಾಗದು.

ಕೆಲಸದ ಕ್ರಮವನ್ನೂ ಹೇಳಬೇಕು. ಪೂರ್ಣ ಶಿರಸ್ಸಾದರೆ ಚರ್ಮವನ್ನು ಸುಲಿದು ಹದಮಾಡಿ, ಕಾಗದದ ಮುದ್ದೆಯಿಂದ ಅಚ್ಚಿನಲ್ಲಿ ಮಾಡಿದ ಆಕಾರಕ್ಕೆ ಹೊದಿಸುತ್ತಿದ್ದರು. ಬರಿಯ ಕರೋಟಿಯಾದರೆ ಸಣ್ಣ ಉರಿಯಲ್ಲಿ ಬೇಯಿಸಿ ಮಾಂಸವನ್ನು ಕೆರೆದು ತೆಗೆಯಬೇಕು. ಉರಿ ಹೆಚ್ಚಿದರೆ ಹಲ್ಲುಗಳು ಸಡಿಲವಾಗಿ ಎಲುಬು ಬಿರಿಯುವುದು. ಕೃಷ್ಣಮೃಗದ ಕೊಂಬು ಎಲುಬಿನ ತಿರುಳಿನ ಮೇಲೆ ಒರೆಯಂತಿರುವುದರಿಂದ, ನೆನೆಯಿಸಿ ಕಳಚಿ, ಒಳಗನ್ನು ಶುಚಿಮಾಡಿ ಮತ್ತೆ ತೊಡಿಸುವರು. ಕಡವೆಯ ಕೊಂಬಾದರೋ ಎಲುಬೇ. ಅದು ಉದುರಿ ಮರಳಿ ಬೆಳೆಯುವುದು. ಮೂಳೆಯೊಳಗೆ ಕೊಬ್ಬು ಉಳಿದರೆ ಕಾಲಕ್ರಮದಲ್ಲಿ ಅದು ಹೊರಗೆ ಜಿನುಗಿ ಹಳದಿಯಾಗುತ್ತದೆ. ಅದರ ಮೇಲೆ ಬಣ್ಣ ಬಳಿದರೆ ನಿಲ್ಲುವುದಿಲ್ಲ. ಶಿಷ್ಯನ ಮೊದಲ ಪ್ರಶ್ನೆಗೆ ಇದೇ ಉತ್ತರ.

ಕೊಂಬಿಗೆ ಬಣ್ಣ ಬಳಿಯುವುದು ನಮ್ಮ ರೈತರಿಗೆ ಹೊಸತಲ್ಲ. ಸಂಕ್ರಾಂತಿಯಂದು ಎತ್ತುಗಳ ಮೈತೊಳೆದು, ಕೊಂಬುಗಳಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವುದನ್ನು ಈ ಸೀಮೆಯ ಹಳ್ಳಿಗಳಲ್ಲಿ ಯಾರೂ ನೋಡಬಹುದು. ಆದರೆ ಆ ಬಣ್ಣವು ದುಡಿದ ಪ್ರಾಣಿಗೆ ಸಲ್ಲುವ ಮರ್ಯಾದೆ. ಬಂಗಲೆಯ ಗೋಡೆಯ ಮೆರುಗು ಕೊಂದವನಿಗೆ ಸಲ್ಲುವ ಬಿರುದು. ಎರಡನ್ನೂ ಅಲಂಕಾರವೆಂಬ ಒಂದೇ ಮಾತಿನಿಂದ ಕರೆಯುವುದು ಸಮಂಜಸವಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವು ಕಹಿಯಾಗಿದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂತಹ ಕೊಂಬು ಕರೋಟಿಗಳ ಮಾರಾಟವನ್ನು ನಿಷೇಧಿಸಿದೆ. ಸರ್ಕಾರದ ಒಡೆತನಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಕೃಷ್ಣಮೃಗವು ಮೊದಲನೆಯ ಅನುಸೂಚಿಗೆ ಸೇರಿದುದರಿಂದ ಶಿಕ್ಷೆಯು ಮೂರು ವರ್ಷಗಳ ಸೆರೆವಾಸಕ್ಕೆ ಕಡಮೆಯಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನೂ ತೊಂಬತ್ತು ದಿನಗಳೊಳಗೆ ತಿಳಿಸತಕ್ಕದ್ದು. ಮೈಸೂರಿನ ಆ ಶಾಲೆಯೂ 1999ರಲ್ಲಿ ಮುಚ್ಚಿತು.

ಶಿಷ್ಯನು ಬಹಳ ಹೊತ್ತು ಮಾತನಾಡಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿದಾಗ ಅವನ ತಂದೆಯ ಉದ್ಯೋಗವು ಹೋದುದನ್ನು ನಾನು ಬಲ್ಲೆ. ಮಗಳ ಕಾಲೇಜಿನ ಶುಲ್ಕಕ್ಕೆ ಈ ಕೊಂಬುಗಳನ್ನೇ ಅವನು ನಂಬಿದ್ದನು. ಕೊನೆಗೆ “ತಾತನ ನೆನಪಿಗೆ ಇದೊಂದೇ ಇದ್ದುದು, ಮೇಷ್ಟ್ರೇ” ಎಂದನು. ಚೀಟಿಯ ಬರಹವನ್ನೂ, ಕೊಂಬುಗಳ ಅಳತೆಯನ್ನೂ, ತಾತನ ಕೈಗೆ ಅದು ಬಂದ ವಿವರವನ್ನೂ ನಾವಿಬ್ಬರೂ ಕುಳಿತು ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ಮರುದಿನ ಅರ್ಜಿಯನ್ನು ಬರೆದುಕೊಟ್ಟು, ಅವನೊಡನೆ ಅರಣ್ಯ ಇಲಾಖೆಯ ಕಚೇರಿಗೆ ನಾನೂ ಹೋದೆನು.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಇಂತಹ ತಲೆಗಳು ಇನ್ನೂ ಇರಬಹುದು. ಗೃಹಸ್ಥರು ಅವಕ್ಕೆ ಬಣ್ಣ ಬಳಿಯುವ ಮೊದಲು ಹಿಂದೆ ಚೀಟಿಯಿದೆಯೇ ಎಂದು ನೋಡಲಿ. ಬಲ್ಲ ಹಿರಿಯರಿರುವಾಗಲೇ ಅದರ ವೃತ್ತಾಂತವನ್ನು ಬರೆದಿಡಲಿ. ಆಮೇಲೆ ಕಾಯಿದೆಗೆ ಒಪ್ಪುವಂತೆ ನಡೆಯಲಿ. ಗಣಿಯ ಸುತ್ತಿನ ಬಯಲಿನಲ್ಲಿ ಕೃಷ್ಣಮೃಗಗಳು ಇಂದಿಗೂ ಮೇಯುತ್ತಿವೆ. ಕೊಂಬಿನ ಸೊಗಸನ್ನು ನೋಡಬೇಕೆನ್ನುವವರು ಬೆಳಗಿನ ಹೊತ್ತು ಅತ್ತ ಹೋಗಿ ದೂರದಿಂದ ನೋಡಬಹುದು.